ಗೆದ್ದಲಿನ ಮಡಕೆ

ಹಳೇ ಮಂಕರಿ ಬೋರಲು ಹಾಕಿದರೆ ಗೂಡು, ಮಿಕ್ಕ ಮುದ್ದೆ ಹಿಸುಕಿ ಹಾಕಿದರೆ ಮೇವು. ಚಿಕ್ಕತಾಯಮ್ಮ ಆರು ಕೋಳಿ, ಒಂದು ಹುಂಜ ಸಾಕಿದ್ದು ಹೀಗೆ. ಮರಿಗಳಿಗೆ ಮಾತ್ರ ಗೆದ್ದಲೇ ಆಗಬೇಕು. ಅದಕ್ಕೆ ಸಗಣಿ, ಹುಲ್ಲು ತುಂಬಿದ ಮಡಕೆಯನ್ನು ಸಂಜೆ ಪಟೇಲ ಬೋರೇಗೌಡನ ಪಾಳುನೆಲದಲ್ಲಿ ಕವುಚಿಟ್ಟು ಬರುವಳು. ಬೆಳಗಾದರೆ ಮಡಕೆ ತುಂಬ ಗೆದ್ದಲು.

ಗೌಡನ ಕಣ್ಣು ಆ ಹುಂಜದ ಮೇಲೆ ಬಿತ್ತು. ಬೀದಿಗೆಲ್ಲ ಕೇಳುವಂತೆ ಗುಡುಗಿದ. "ನೆಲ ನಂದು ಅಂದ್ಮೇಲೆ ಗೆದ್ದಲೂ ನಂದೇ ಕಣಮ್ಮೀ! ವರ್ಷದಿಂದ ಹೊತ್ಕೊಂಡು ಹೋಗ್ತಿದ್ದೀಯ. ಅಷ್ಟೂ ವಾಪಸ್ ಕೊಡು, ಇಲ್ಲಾ ಹುಂಜ ಕೊಡು!"

ಹುಂಜ ಹೋದರೆ ಮರಿ ಎಲ್ಲಿಂದ ಬರಬೇಕು? ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡಳು. "ತಪ್ಪಾಯ್ತು ಗೌಡ್ರೇ. ನಿಮ್ದು ನಿಮ್ಗೇ ಕೊಡ್ತೀನಿ."

ಮರುದಿನ ಬೆಳಿಗ್ಗೆ ಮಡಕೆ ಹೊತ್ತು ಬಂದು, ಗೌಡನ ಮನೆಯ ಕೆತ್ತನೆಯ ಮರದ ಬಾಗಿಲ ಬುಡದಲ್ಲಿ ಕುಕ್ಕರಿಸಿ ಅದನ್ನು ವಾಲಿಸಿದಳು. "ಇದು ಮೊದಲ್ನೇದು. ದಿನಕ್ಕೊಂದು ತಂದು ಇಲ್ಲೇ ಸುರೀತೀನಿ. ಒಂದು ವರ್ಷದ್ದು ತೀರ್ಬೇಕಲ್ಲ!"

ಗೌಡ ಪಂಚೆ ಎತ್ತಿಕೊಂಡು ಓಡಿಬಂದು ಮಡಕೆಯನ್ನು ತಬ್ಬಿ ಹಿಡಿದ. ಗೆದ್ದಲು ಮೊಣಕೈವರೆಗೂ ಹತ್ತಿತು.

"ಬ್ಯಾಡ ಕಣವ್ವಾ, ನಿಂಗೆ ಕೈ ಮುಗೀತೀನಿ! ಗೆದ್ದಲೆಲ್ಲಾ ನಿನ್ ಕೋಳೀದೇ!"

ಚಿಕ್ಕತಾಯಮ್ಮ ಹೊಸ್ತಿಲ ಕಡೆ ಬಗ್ಗಿ ನೋಡಿದಳು.

"ಅಯ್ಯೋ, ಆಗ್ಲೇ ಒಂದಷ್ಟು ಉದುರವೆ ಗೌಡ್ರೇ. ಹುಂಜ ಬೇಕು ಅಂದ್ರಲ್ಲ, ಹೆಕ್ಕಿ ತಿನ್ನೋಕೆ ಈಗ ಕಳಿಸ್ಲಾ?"