ಅತ್ತೆ ನಕ್ಕ ದಿಣ್ಣೆ

ಮುಗಿಲಪೇಟೆಯ ಬಸ್ ನಿಲ್ದಾಣದಲ್ಲಿ ಇಳಿದು ಯಾವ ಆಟೋದವನನ್ನಾದರೂ ‘ಮೇಘದರ್ಶನಕ್ಕೆ ಬರುತ್ತೀಯಾ’ ಎಂದು ಕೇಳಿ ನೋಡಿ. ಅವನು ಒಂದು ಗಳಿಗೆ ನಿಮ್ಮ ಮುಖ ನೋಡಿ, ‘ಅತ್ತೆ ನಕ್ಕ ದಿಣ್ಣೆಗಾ? ಹತ್ತಿ’ ಎನ್ನುತ್ತಾನೆ. ನಗರಸಭೆಯವರು ಇಟ್ಟ ಹೆಸರು ಅವರು ನೆಡಿಸಿದ ಹಸಿರು ಫಲಕದಲ್ಲಿಯೇ ಉಳಿದಿದೆ. ಹಳೆಯ ಸಂತೆಬೀದಿಯ ಮೂಡಣ ತುದಿಯಿಂದ ಕಾಲುಹಾದಿ ಹಿಡಿದು ಏರಿದರೆ ಹುಲ್ಲು ಹೊದ್ದ ಒಂದು ಬೋಳು ದಿಣ್ಣೆ ಸಿಗುತ್ತದೆ. ಅದರಾಚೆ ನೆಲವಿಲ್ಲ, ಬೆಟ್ಟ ಅಲ್ಲಿಗೇ ಮುಗಿದು, ಬಹಳ ಕೆಳಗೆ ಬಯಲುಸೀಮೆ ಹರಡಿಕೊಂಡಿರುತ್ತದೆ. ಬೇಸಗೆಯ ರಜೆ ಬಂತೆಂದರೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೀರೆಯ ಮೇಲೆ ಗಂಡನ ಸ್ವೆಟರ್ ತೊಟ್ಟ ಹೆಂಗಸರು, ಮಂಗನ ಟೋಪಿಯೊಳಗಿಂದ ಕಣ್ಣು ಮಾತ್ರ ಕಾಣಿಸುವ ಮಕ್ಕಳು, ಸುಟ್ಟ ಜೋಳದ ತೆನೆಗೆ ಉಪ್ಪುಖಾರ ಸವರಿಸಿಕೊಳ್ಳುವ ಅಜ್ಜಂದಿರು. ಅವರಲ್ಲಿ ಯಾರಾದರೊಬ್ಬರು, ಸಾಮಾನ್ಯವಾಗಿ ಯಾವುದಾದರೊಂದು ಮನೆಯ ಸೊಸೆ, ಈ ಹೆಸರು ಹೇಗೆ ಬಂತೆಂದು ಕೇಳಿಯೇ ಕೇಳುತ್ತಾರೆ. ಈ ಊರಿನಲ್ಲಿಯೇ ಹುಟ್ಟಿ ಹಲ್ಲು ಉದುರಿಸಿಕೊಂಡವನಾದ್ದರಿಂದ ಹೇಳುವ ಕೆಲಸ ಬಹಳ ಸಲ ನನ್ನ ಪಾಲಿಗೇ ಬರುತ್ತದೆ.

ಹಿಂದೆ ಒಮ್ಮೆ, ಬೆಟ್ಟಕ್ಕೆ ಗಾಡಿಯ ರಸ್ತೆಯೂ ಇಲ್ಲದ ಕಾಲದಲ್ಲಿ, ಬಯಲುಸೀಮೆಯ ಕರಿಯಹಾಳಿನಲ್ಲಿ ಕೊಟ್ರಸೆಟ್ಟಿ ಎಂಬ ವರ್ತಕನಿದ್ದನಂತೆ. ಎತ್ತುಗಳ ಮೇಲೆ ಉಪ್ಪು, ಅರಿವೆ ಹೇರಿಕೊಂಡು ಪ್ರತಿ ಬೇಸಗೆಯಲ್ಲಿಯೂ ಮುಗಿಲಪೇಟೆಗೆ ಏರುವುದು, ಜೇನು ಮೆಣಸು ಕೊಂಡು ಮಳೆಗಾಲಕ್ಕೆ ಮುಂಚೆ ಇಳಿಯುವುದು ಅವನ ಕಸುಬು. ಊರಿಗೆ ಮರಳಿದ ದಿನ ಸಂಜೆ ಅವನ ಜಗಲಿಯಲ್ಲಿ ಜನ ಸೇರುತ್ತಿತ್ತು. ಅಲ್ಲಿ ಚೈತ್ರದಲ್ಲಿಯೂ ಅಗ್ಗಿಷ್ಟಿಕೆಯ ಸುತ್ತ ಕೂರುತ್ತಾರೆ, ಕೊಬ್ಬರಿ ಎಣ್ಣೆಯನ್ನು ಚಾಕುವಿನಿಂದ ಕೆತ್ತಿ ತೆಗೆಯುತ್ತಾರೆ, ಮೋಡ ಬಾಗಿಲಿನಿಂದ ಒಳಗೆ ಬಂದು ಹಿತ್ತಿಲಿನಿಂದ ಹೊರಗೆ ಹೋಗುತ್ತದೆ, ನಾವು ಬಿಸಿಲಿನಲ್ಲಿ ನಿಂತಿದ್ದರೆ ಮಳೆ ನಮ್ಮ ಕಾಲ ಕೆಳಗೆ ಸುರಿಯುತ್ತದೆ ಎಂದೆಲ್ಲ ಅವನು ಹೇಳುತ್ತಿದ್ದ. ಬಂಡೆಯೇ ಕಾದು ಸಿಡಿಯುವ ಊರಿನವರು ಇದನ್ನು ನಂಬುವುದುಂಟೆ? ಅವನಿಗೆ ಸುಳ್ಳುಸೆಟ್ಟಿ ಎಂದೇ ಹೆಸರಾಯಿತು. ಎಲ್ಲರಿಗಿಂತ ಹೆಚ್ಚಾಗಿ ನಗುತ್ತಿದ್ದವಳು ಅವನ ಹೆಂಡತಿ ಹಾಲವ್ವ. ಅವಳು ನಕ್ಕರೆ ಮೂರು ಓಣಿಯಾಚೆ ಕಟ್ಟಿದ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದವು ಎನ್ನುತ್ತಾರೆ. ‘ಒಂದು ಸಲ ಬಾ, ಕಣ್ಣಾರೆ ತೋರಿಸ್ತೀನಿ’ ಎಂದು ಸೆಟ್ಟಿ ಕರೆಯುತ್ತಿದ್ದ. ‘ಮನೀ ಯಾರು ನೋಡ್ತಾರ?’ ಎಂದು ಅವಳು ಮುಂದಿನ ವರ್ಷಕ್ಕೆ ತಳ್ಳುತ್ತಿದ್ದಳು. ಹಾಗೆ ತಳ್ಳುತ್ತಿರುವಾಗಲೇ ಒಂದು ಮಾಘಮಾಸದಲ್ಲಿ ಸೆಟ್ಟಿ ಜ್ವರ ಬಂದು ತೀರಿಕೊಂಡ.

ಆ ಮನೆಯಲ್ಲಿ ನಗುವಿನ ಸದ್ದು ಅಡಗಿತು. ಹಾಲವ್ವ ಮೊದಲು ಮಾತು ಕಡಿಮೆ ಮಾಡಿದಳು, ಆಮೇಲೆ ಊಟ. ಎರಡನೆಯ ಬೇಸಗೆ ಬರುವ ಹೊತ್ತಿಗೆ ಅವಳ ಕೈಯ ಬೆಳ್ಳಿ ಕಡಗ ಮೊಳಕೈವರೆಗೆ ಜಾರುತ್ತಿತ್ತು. ನಾಡಿ ಹಿಡಿದ ಪಂಡಿತರು ಮಗ ಗಾದಿಲಿಂಗನನ್ನು ಹೊರಗೆ ಕರೆದು, ಈ ಸಲದ ಬಿಸಿಲನ್ನು ಈಕೆ ದಾಟುವುದು ಕಷ್ಟ ಎಂದರು. ಸೊಸೆ ಸೂಗವ್ವ ಬಾಗಿಲ ಮರೆಯಲ್ಲಿ ಇದನ್ನು ಕೇಳಿಸಿಕೊಂಡಳು. ಹೊಸದಾಗಿ ಮದುವೆಯಾಗಿ ಬಂದಾಗ, ಹೆದರಿ ನಡುಗುತ್ತ ಹೊಸ್ತಿಲು ದಾಟಿದ ಅವಳಿಗೆ ಆ ಮನೆ ತನ್ನದೆನಿಸಿದ್ದು ಅತ್ತೆಯ ಆ ನಗುವಿನಿಂದಲೇ. ಅಂದು ರಾತ್ರಿಯ ಊಟಕ್ಕೆ ಬಡಿಸುತ್ತ ಅವಳು ಗಂಡನಿಗೆ, ಎಲ್ಲರೂ ಮುಗಿಲಪೇಟೆಗೆ ಹೋಗೋಣ ಎಂದಳು. ಗಾದಿಲಿಂಗ ತುತ್ತು ನಿಲ್ಲಿಸಿದ. ‘ಅದು ಎತ್ತು ಹತ್ತೋ ಹಾದಿ. ಹೆಂಗಸರು, ಮಕ್ಕಳು ಹತ್ತಿದ್ದು ಎಲ್ಲಾದರೂ ಉಂಟಾ?’ ಎಂದ. ‘ಎತ್ತು ಹತ್ತೋ ಕಡೆ ಮನುಷ್ಯರು ಹತ್ತಿದರೆ ಯಾರು ಬ್ಯಾಡ ಅಂತಾರ?’ ಎಂದಳು ಸೂಗವ್ವ.

ಗಂಡನನ್ನು ಒಪ್ಪಿಸಿದಷ್ಟು ಸುಲಭವಾಗಿ ಅತ್ತೆಯನ್ನು ಒಪ್ಪಿಸಲಾಗಲಿಲ್ಲ. ಗಾಳಿ ಬದಲಾವಣೆ ಎಂದರೂ, ಔಷಧಿ ಎಂದರೂ ಹಾಲವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಕೊನೆಗೆ ಸೂಗವ್ವ ಹಾಸಿಗೆಯ ಪಕ್ಕದಲ್ಲಿ ಕುಳಿತು, ‘ಅತ್ತೀ, ಮಾವ ಹೇಳಿದ್ದು ಖರೇನೋ ಸುಳ್ಳೋ, ಒಂದು ಸಲ ನೋಡಿ ಬಂದುಬಿಡೋಣು’ ಎಂದಳು. ಹಾಲವ್ವ ಈ ಕಡೆ ಹೊರಳಿದಳು. ‘ಸುಳ್ಳಾದರ?’ ಎಂದಳು. ‘ಸುಳ್ಳಾದರ ಅಲ್ಲೇ ನಿಂತು ಇಬ್ಬರೂ ಕೂಡಿ ಬೈದು ಬರೋಣು’ ಎಂದಳು ಸೊಸೆ. ಹಾಲವ್ವ ಕೈಯೂರಿ ಎದ್ದು ಕುಳಿತಳು.

ಹಾಗೆ ಆ ಕುಟುಂಬ ಹೊರಟಿತು. ಸಾಧುವಾದ ಒಂದು ಎತ್ತಿನ ಎರಡೂ ಮಗ್ಗುಲಿಗೆ ಅರಿವೆಯ ಮೂಟೆ ಬಿಗಿದು, ನಡುವೆ ಕೌದಿ ಹಾಸಿ ಹಾಲವ್ವನನ್ನು ಕೂರಿಸಿದರು. ಅವಳ ಇಬ್ಬರು ಮೊಮ್ಮಕ್ಕಳು, ಎರಡೂ ಹೆಣ್ಣು, ಮುಂದೆ ಮುಂದೆ ಓಡುತ್ತಿದ್ದವು. ಬೆಟ್ಟದ ಅರ್ಧಕ್ಕೆ ಬಂದಾಗ ಬಿಸಿಲಿನ ಕಾವು ಇಳಿಯಿತು. ಇನ್ನೂ ಮೇಲೇರಿದಾಗ ಮಕ್ಕಳ ಬಾಯಿಂದ ಹೊಗೆ ಬರತೊಡಗಿತು. ತಮ್ಮ ಹೊಟ್ಟೆಯಲ್ಲಿ ಯಾರೋ ಒಲೆ ಹಚ್ಚಿದ್ದಾರೆಂದು ಚಿಕ್ಕವಳು ಅಳುವುದಕ್ಕೇ ಶುರುಮಾಡಿದಳಂತೆ. ಮುಗಿಲಪೇಟೆಯಲ್ಲಿ ಅವರು ಇಳಿದುಕೊಂಡದ್ದು ಸೆಟ್ಟಿಯ ಗೆಳೆಯ, ಜೇನಿನ ವ್ಯಾಪಾರದ ಮಾಸ್ತಿಗೌಡನ ಮನೆಯಲ್ಲಿ. ಬಂದವರು ಯಾರೆಂದು ತಿಳಿದದ್ದೇ ತಡ, ಗೌಡ ಹಾಲವ್ವನನ್ನು ಕುತೂಹಲದಿಂದ ನೋಡಿ, ‘ಅಕ್ಕಾ, ಆ ನಗುವಿನ ಅಕ್ಕ ನೀವೇನಾ?’ ಎಂದು ಕೇಳಿದ. ಆಗ ತಿಳಿದದ್ದೇನೆಂದರೆ, ಸೆಟ್ಟಿ ಇಲ್ಲಿಯೂ ಸುಳ್ಳುಸೆಟ್ಟಿಯೇ ಆಗಿದ್ದ. ನಮ್ಮೂರಿನಲ್ಲಿ ಬಂಡೆಯ ಮೇಲೆ ಹಪ್ಪಳ ಸುಡಬಹುದು, ನನ್ನ ಹೆಂಡತಿ ನಕ್ಕರೆ ಮೂರು ಓಣಿಗೆ ಕೇಳಿಸುತ್ತದೆ ಎಂದು ಅವನು ಹೇಳಿದರೆ ಬೆಟ್ಟದವರು ಒಬ್ಬರ ಮುಖ ಒಬ್ಬರು ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಈಗ ಎದುರಿಗೆ ನಿಂತ, ತುಟಿ ಬಿಚ್ಚದ ಈ ಬಡಕಲು ಮುದುಕಿಯನ್ನು ಕಂಡು ಸಂತೆಬೀದಿಯವರು ತಮ್ಮ ಅನುಮಾನ ಸರಿಯೆಂದುಕೊಂಡರು.

ದಿನಗಳು ಸುಖವಾಗಿ ಕಳೆದವು. ಕೊಬ್ಬರಿ ಎಣ್ಣೆಯ ಕುಡಿಕೆಯನ್ನು ಬೋರಲು ಹಾಕಿದರೂ ಹನಿ ಬೀಳಲಿಲ್ಲ. ಒಂದು ಬೆಳಿಗ್ಗೆ ಮೋಡ ನಡುಮನೆಗೆ ಬಂದು, ಒಣಗಲು ಹಾಕಿದ್ದ ಸೀರೆಗಳನ್ನು ಇನ್ನೊಮ್ಮೆ ತೋಯಿಸಿ ಹೋಯಿತು. ಮೊಮ್ಮಕ್ಕಳು ಅದನ್ನು ಮೊರದಿಂದ ಬೀಸಿ ಬೀಸಿ ಓಡಿಸಿದರು. ಗಾದಿಲಿಂಗ ವ್ಯಾಪಾರ ಮರೆತು ಮಕ್ಕಳೊಂದಿಗೆ ಕಾಡುಹಣ್ಣು ಆರಿಸಲು ಹೋಗುತ್ತಿದ್ದ. ಹಾಲವ್ವ ಒಂದೊಂದನ್ನೂ ನೋಡಿ, ‘ಹೂಂ, ಇದು ಖರೆ’ ಎನ್ನುತ್ತಿದ್ದಳು. ಅಗ್ಗಿಷ್ಟಿಕೆಯ ಮುಂದೆ ಬಿಸಿ ಗಂಜಿ ಕುಡಿಯತೊಡಗಿದಳು. ಆದರೆ ನಗಲಿಲ್ಲ. ಮಳೆ ಕಾಲ ಕೆಳಗೆ ಬೀಳುವುದೊಂದು ಬಾಕಿಯಿತ್ತು. ಅದಕ್ಕಾಗಿ ಸೂಗವ್ವ ಅವಳ ಕೈಹಿಡಿದು ದಿನವೂ ಈ ದಿಣ್ಣೆಗೆ ಕರೆತರುತ್ತಿದ್ದಳು. ದಿನವೂ ಮಂಜು ಕವಿದು, ಚಾಚಿದ ಕೈಯೇ ಕಾಣದೆ ಮರಳುತ್ತಿದ್ದರು. ಇಷ್ಟರಲ್ಲಿ ಗಾದಿಲಿಂಗ, ಮಳೆಗಾಲ ಹಿಡಿದರೆ ಹಾದಿ ಜಾರುತ್ತದೆ, ನಾಳೆಯೇ ಇಳಿಯಬೇಕು ಎಂದು ಮೂಟೆ ಕಟ್ಟಿಸಿದ.

ಅಂದು ಮಧ್ಯಾಹ್ನ ಕಳೆದ ಮೇಲೆ ಅತ್ತೆ ಸೊಸೆ ಕೊನೆಯದಾಗಿ ದಿಣ್ಣೆ ಹತ್ತಿದರು. ಮಕ್ಕಳೂ ಜೊತೆಗಿದ್ದವು. ಆಗಲೂ ಮಂಜೇ. ಸೂಗವ್ವನ ಕಣ್ಣು ತುಂಬಿತು. ಸಾಕು ಇಳಿಯೋಣ ಎಂದು ಅವಳು ತಿರುಗುವಷ್ಟರಲ್ಲಿ ಗಾಳಿ ಎದ್ದು, ಪರದೆ ಸರಿಸಿದ ಹಾಗೆ ಮಂಜನ್ನೆಲ್ಲ ಎತ್ತಿಕೊಂಡು ಹೋಯಿತು. ಬೆನ್ನಿಗೆ ಬೆಚ್ಚಗೆ ಪಡುವಣ ಬಿಸಿಲು ಬಿದ್ದಿತು. ಮುಂದೆ, ಬಹಳ ಕೆಳಗೆ, ಕಪ್ಪು ಮೋಡಗಳ ಬೆನ್ನು ಎಮ್ಮೆ ಹಿಂಡಿನಂತೆ ಸಾಗುತ್ತಿತ್ತು. ಅವುಗಳ ಹೊಟ್ಟೆಯಿಂದ ಬಯಲಿನ ಮೇಲೆ ಮಳೆ ಸುರಿಯುತ್ತಿತ್ತು. ಹಾಲವ್ವ ಉಸಿರು ಬಿಗಿಹಿಡಿದು ನೋಡಿದಳು. ಅಷ್ಟರಲ್ಲಿ ದೊಡ್ಡ ಮೊಮ್ಮಗಳು ಕಿರುಚಿ ಕೆಳಗೆ ಬೆರಳು ತೋರಿಸಿದಳು. ಆಕಾಶದಲ್ಲಿರಬೇಕಾದ ಕಾಮನಬಿಲ್ಲು ಅವರ ಪಾದಗಳ ಕೆಳಗೆ ಬಾಗಿಕೊಂಡು ಬಿದ್ದಿತ್ತು!

‘ಇದನ್ನ ನಿಮ್ಮ ಮಾವ ಹೇಳಿರಲೇ ಇಲ್ಲಲ್ಲವ್ವ!’ ಎಂದಳು ಹಾಲವ್ವ. ‘ಎಷ್ಟು ಹೇಳಿದರೂ ಇದನ್ನ ಮಾತ್ರ ಈಕಿ ನಂಬಂಗಿಲ್ಲ ಅಂತ ಬಿಟ್ಟುಬಿಟ್ಟಾರ ನೋಡು!’ ಎಂದವಳೇ ನಕ್ಕುಬಿಟ್ಟಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಹುಲ್ಲಿನ ಮೇಲೆ ಕುಸಿದು ಕುಳಿತು, ಕಣ್ಣೀರು ಒರೆಸಿಕೊಳ್ಳುತ್ತ, ಮತ್ತೆ ಕೆಳಗೆ ನೋಡಿ ಮತ್ತೆ ನಗುತ್ತ. ಕಣಿವೆ ಆ ನಗುವನ್ನು ಹಿಡಿದು ತಿರುಗಿ ಕೊಟ್ಟಿತು. ಸೂಗವ್ವ ಸೆರಗು ಜಾರಿದ್ದನ್ನೂ ನೋಡದೆ ‘ಅತ್ತಿ ನಕ್ಕರು! ಅತ್ತಿ ನಕ್ಕರು!’ ಎಂದು ಕೂಗುತ್ತ ಸಂತೆಬೀದಿಯ ಉದ್ದಕ್ಕೂ ಓಡಿದಳು. ಅವಳು ಕೂಗುವ ಅಗತ್ಯವೇ ಇರಲಿಲ್ಲ ಎನ್ನುತ್ತಾರೆ. ನಗು ಬೀದಿಗೆ ಆಗಲೇ ಕೇಳಿಸಿತ್ತು. ತಕ್ಕಡಿ ಹಿಡಿದವರು ಹಾಗೆಯೇ ಎದ್ದು ನಿಂತಿದ್ದರು. ಮಾಸ್ತಿಗೌಡ ಜೇನಿನ ಕೈಯನ್ನು ಪಂಚೆಗೆ ಒರೆಸಿಕೊಂಡು ದಿಣ್ಣೆಯ ಕಡೆ ನೋಡುತ್ತ, ‘ಸೆಟ್ಟರೇ, ತಪ್ಪಾಯ್ತು’ ಎಂದನಂತೆ. ಊರು ಊರೇ ದಿಣ್ಣೆ ಹತ್ತಿತು. ಏಕೆ ಎಂದು ತಿಳಿಯದವರೂ ಅಲ್ಲಿ ನಿಂತು ನಕ್ಕರು.

ಕರಿಯಹಾಳಿಗೆ ಮರಳಿದ ಹಾಲವ್ವ ಗಂಡನ ಜಗಲಿಯಲ್ಲಿಯೇ ಕುಳಿತು ಕಾಮನಬಿಲ್ಲನ್ನು ಮೇಲಿನಿಂದ ಕಂಡ ಸುದ್ದಿ ಹೇಳಿದಳು. ಒಬ್ಬರೂ ನಂಬಲಿಲ್ಲ. ಅವಳಿಗೆ ರೋಷ ಬಂತು. ಮುಂದಿನ ಬೇಸಗೆಗೆ ನೆರೆಯ ನಾಲ್ಕಾರು ಮನೆಯವರನ್ನು, ಅತ್ತೆ ಸೊಸೆ ಮಕ್ಕಳೆಂದು ಬಿಡದೆ, ಎತ್ತುಗಳ ಮೇಲೆ ಹೇರಿಕೊಂಡು ಬಂದಳು. ಅವರು ಮರಳಿ ಹೋಗಿ ತಮ್ಮ ಬೀಗರಿಗೆ ಹೇಳಿದರು, ಬೀಗರೂ ನಂಬಲಿಲ್ಲ, ಅವರೂ ಬಂದರು. ಬಯಲುಸೀಮೆಯ ಕುಟುಂಬಗಳು ಬೇಸಗೆಗೆ ಬೆಟ್ಟ ಹತ್ತುವ ವಾಡಿಕೆ ಬೆಳೆದದ್ದು ಹೀಗೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಲವ್ವ ಬಹಳ ವರ್ಷ ಬದುಕಿದಳು.

ಈಗ ದಿಣ್ಣೆಯ ಅಂಚಿಗೆ ಕಬ್ಬಿಣದ ಬೇಲಿ ಬಂದಿದೆ. ಬೇಸಗೆಯ ಕೊನೆಯಲ್ಲಿ, ಇಳಿಹೊತ್ತಿಗೆ, ಕೆಳಗೆ ಮಳೆ ಶುರುವಾದರೆ ಅಷ್ಟು ಜನವೂ ಒಮ್ಮೆಲೇ ಸುಮ್ಮನಾಗುತ್ತಾರೆ. ಜೋಳ ಸುಡುವವನ ಬೀಸಣಿಗೆ ಕೂಡ ನಿಲ್ಲುತ್ತದೆ. ಆಗ ಎಲ್ಲಿಂದಲೋ ಒಂದು ನಗು ಏಳುತ್ತದೆ, ಅದರ ಹಿಂದೆ ಉಳಿದವರೆಲ್ಲ ನಗುತ್ತಾರೆ. ಆ ಮೊದಲ ನಗು ಯಾವಾಗಲೂ ಒಬ್ಬ ಅತ್ತೆಯದೇ ಆಗಿರುತ್ತದೆ ಎಂದು ಊರಿನವರು ಆಣೆ ಇಟ್ಟು ಹೇಳುತ್ತಾರೆ. ನಾನು ಬೇಕಾದಷ್ಟು ಸಂಜೆ ಅಲ್ಲಿ ಕುಳಿತು ನೋಡಿದ್ದೇನೆ. ಒಮ್ಮೆ ಹಾಲುಗೂಸೊಂದು ಮೊದಲು ನಕ್ಕಿತು. ಇನ್ನೊಮ್ಮೆ, ಬೇಲಿ ದಾಟಬೇಡಿ ಎಂದು ಗದರುತ್ತಿದ್ದ ದಪ್ಪ ಮೀಸೆಯ ಪೊಲೀಸಿನವನು. ಕಳೆದ ವರ್ಷ ನನ್ನ ಹೆಂಡತಿಯೇ ಮೊದಲು ನಕ್ಕಳು. ಪಕ್ಕದಲ್ಲಿ ನಿಂತಿದ್ದ ನಮ್ಮ ಸೊಸೆ, ಯಾರೂ ಹೇಳಿಕೊಡದೆಯೇ, ಸೂಗವ್ವನ ಆ ಎರಡು ಮಾತನ್ನು ಗಟ್ಟಿಯಾಗಿ ಕೂಗಿದಳು.