ಗುಲಾಬಿಯ ನಂಟ, ಹಳದಿ ಹೂವು

"ಕೇಳ್ರಪ್ಪೋ ಕೇಳಿ! ಮೋಡಗಿರಿ ದೊರೆಗಳ ಅಪ್ಪಣೆ! ಅವರ ಮಗಳು ಅಮ್ಮಣ್ಣಿಯೋರ ಹೊಟ್ಟೆನೋವಿಗೆ ಕೊಟ್ಟ ಹೂವಿನ ಕಷಾಯ ವಿಷವಾಗ್ಬುಟ್ಟದೆ! ನಿಜವಾದ ಮದ್ದಿನ ಹಳದಿ ಹೂ ಯಾವುದು ಅಂತ ಮೂರು ಒಗಟವೆ. ಮೂರೂ ಬಿಡಿಸಿ ಹೂ ತಂದೋರಿಗೆ ಕೇಳಿದ್ದು ಸಿಗ್ತದೆ. ತಪ್ಪಿದೋರ ತಲೆ ಉರುಳ್ತದೆ! ಮದ್ದು ತಂದ ಕಂಬಳಿ ಮೈಲಾರನ್ನ ಅಮಾಸೆಗೆ ಶೂಲಕ್ಕೆ ಏರಿಸ್ತಾರೆ!"

ತಮಟೆಯೋನು ಅತ್ತ ಹೋದ. ಮೈಲಾರನ ತಮ್ಮ ಬೀರ ಉಣ್ಣೆ ಹಿಂಜ್ತಿದ್ದೋನು ಕೈಲಿದ್ದದ್ದು ಬಿಸಾಕಿ ಎದ್ದ. ಅಣ್ಣ ಇರುವೆ ತುಳಿಯೋಕೂ ಹೆದರೋನು, ಅವನು ವಿಷ ಹಾಕ್ತಾನಾ?

ಈ ಕತೇನ ಬೇರೆಯೋರ ಬಾಯಲ್ಲಿ ಕೇಳಿದ್ರೆ ಮರ್ತುಬುಡಿ, ಅವರಿಗೆ ಅರ್ಧ ಗೊತ್ತಿಲ್ಲ. ಆ ದೊರೆ ಎಂಥೋನು ಅಂತೀರಿ? ಅನ್ನ ಬಂದ್ರೆ ಮೊದ್ಲು ನಾಯಿಗೆ ಹಾಕೋನು. ಆ ನಾಯೀನ ಯಾರೋ ಒಲಿಸ್ಕಂಡಿರಬೋದು ಅಂತ ಆಮೇಲೆ ಬೆಕ್ಕಿಗೂ ಹಾಕೋನು. ಆ ಅರಮನೇಲಿ ಮದ್ದಿನ ಹೆಸರೇ ಎತ್ತಂಗಿಲ್ಲ. ಹೆಸರು ಹೇಳಿದ್ರೆ ಹಗೆಯೋನು ಕೇಳಿಸ್ಕಂಡಾನು ಅಂತ ಎಲ್ಲಾ ಒಗಟಲ್ಲೇ ಹೇಳೋದು. ಮದ್ದು ಕೊಡೋ ಹಳೇ ಪಂಡಿತ ಸತ್ತ. ಹೂವಿನ ಹೆಸರು ಅವನ ಹಿಂದೇ ಹೋಯ್ತು, ಒಗಟು ಮಾತ್ರ ದೊರೆ ಬಾಯಲ್ಲಿ ಉಳೀತು.

ಬೀರ ಅಣ್ಣ ಕುರಿ ಮೇಯಿಸ್ತಿದ್ದ ಬೆಟ್ಟದ ನೆತ್ತಿ ಹತ್ತಿದ. ಅಲ್ಲಿ ಹಳದಿ ಹೂ ಎರಡು ಜಾತಿ, ಅವಳಿಜವಳಿ ಇದ್ದಂಗೆ. ಎರಡಕ್ಕೂ ಐದೈದು ಎಸಳು. ಅಣ್ಣ ಯಾವುದು ಕಿತ್ತಿದ್ದೋ! ಎರಡನ್ನೂ ಬೇರು ಸಮೇತ ಕಿತ್ತು ಕಂಬಳಿ ಮಡಿಲಿಗೆ ಹಾಕ್ಕಂಡು ಅರಮನೆಗೆ ಬಂದ. ಬಾಗಿಲಲ್ಲಿ ಅವನ ತಲೆಗೂದಲು ಬಿಡಿಸಿ ನೋಡಿದ್ರು, ಹಲ್ಲೂ ನೋಡಿದ್ರು.

ಒಳಗೆ ದೊರೆ ಗೋಡೆಗೆ ಬೆನ್ನು ಕೊಟ್ಟೇ ಕೂತಿದ್ದ. ಮೊದ್ಲು ಮುಂದೆ ಬಂದೋನು ಪಾಳೇಗಾರನ ಮಗ ಕೋಲಾಳಿ ನಾಯ್ಕ, ಮೀಸೆಗೆ ನಿಂಬೆಹಣ್ಣು ಕೂರಿಸ್ಬೋದು.

ದೊರೆ ಕೇಳ್ದ: "ಐದು ಜನ ಹಳದಿ ಮಕ್ಕಳು. ಅವರನ್ನ ಎತ್ಕಂಡೋರು ಐದು ಜನ ಹಸಿರು ದಾದೀರು. ದಾದೀರ ಸಂದಿಸಂದೀಲಿ ಐದು ಜನ ಕುಳ್ಳ ಕಾವಲುಗಾರರು. ಎಲ್ಲಿ ಅವ್ರೆ, ತೋರ್ಸು."

"ಇದೇನು ಮಹಾ!" ಅಂದು ನಾಯ್ಕ ಒಂದು ಚೆಂಡು ಹೂ ಎಸೆದ.

"ಎಸಳು ಎಣಿಸಯ್ಯ."

ನಾಯ್ಕ ಎಣಿಸ್ತಾನೇ ಇದ್ದ, ಆಳುಗಳು ಸೆರೆಮನೆಗೆ ಎಳ್ಕಂಡೇ ಹೋದ್ರು.

ಆಮೇಲೆ ಮೆಣಸಿನ ವ್ಯಾಪಾರದ ರುದ್ರಸೆಟ್ಟಿ. ಎಣ್ಣೆ ಸವರಿದಂಗೆ ಹೊಳೆಯೋ ಹಳದಿ ಹೂ ಹಿಡ್ಕಂಡು ಹಲ್ಲು ಕಿರಿದ. "ನಿಮ್ಮ ಕೊಳದ ದಡದಲ್ಲೇ ಸಿಕ್ತು ಬುದ್ಧಿ. ಐದು ಮಕ್ಕಳು, ಐದು ದಾದೀರು, ಎಣಿಸ್ಕಳಿ."

"ಕಾವಲುಗಾರರೆಲ್ಲಿ?"

ಸೆಟ್ಟಿ ಹೂ ತಿರುಗಿಸ್ದ, ಮುರುಗಿಸ್ದ, ಬೆವತ. "ಊಟಕ್ಕೆ ಹೋಗಿರ್ಬೇಕು, ಬುದ್ಧಿ."

ಅವನೂ ಹೋದ.

ಎಲ್ಲಾರೂ ಹೂವಿನ ಮುಖ ನೋಡೋರೇ. ಬೀರ ಕಂಬಳಿ ನೇಯೋನು, ಹೆಣಿಗೆ ನೋಡೋಕೆ ಹಿಂದಲ ಮಗ್ಗುಲು ತಿರುಗಿಸಿ ಅಭ್ಯಾಸ. ಮಡಿಲಲ್ಲಿದ್ದ ಎರಡು ಹೂವನ್ನೂ ಬೋರಲು ಹಾಕ್ದ. ಹೊಳೆಯೋದ್ರ ಬೆನ್ನಲ್ಲಿ ಐದು ಹಸಿರು ಎಲೆ, ಅಷ್ಟೆ. ಹೊಳಪಿಲ್ಲದ್ರ ಬೆನ್ನಲ್ಲಿ ಐದು ದೊಡ್ಡವು, ನಡುನಡುವೆ ಐದು ಕುಳ್ಳವು!

"ಇಗೋ ಬುದ್ಧಿ, ಕಾವಲುಗಾರರು."

ದೊರೆ ಕಣ್ಣು ಸಣ್ಣದಾಯ್ತು. "ಗುಲಾಬಿಯ ನಂಟ, ಮೈಮೇಲೆ ಮುಳ್ಳಿಲ್ಲ. ಅರಳಿರೋಗಂಟ ಸಾಧು, ಉದುರಿದ ಮೇಲೆ ದಾರೀಲಿ ಹೋಗೋರ ಸೆರಗು ಹಿಡೀತಾನೆ. ಹೆಂಗೆ?"

ಬೀರ ಅದೇ ಗಿಡದಲ್ಲಿ ಒಣಗಿದ್ದ ಬೀಜದ ಗುಂಡು ಕಿತ್ತು ತನ್ನ ಕಂಬಳಿಗೆ ಒತ್ತಿದ. ಕಚ್ಕಂಡ್ತು. "ಒಂದೊಂದು ಬೀಜಕ್ಕೂ ಕೊಕ್ಕೆ ಬುದ್ಧಿ. ಉಣ್ಣೆಯಿಂದ ಇದನ್ನ ಕಿತ್ತೂ ಕಿತ್ತೂ ನನ್ನ ಉಗುರು ಸವೆದದೆ. ಇದ್ರ ಹೂ ಮಾತ್ರ ಇವತ್ತೇ ಗುರ್ತು ಸಿಕ್ಕಿದ್ದು."

"ತಲೆ ಮೂಸಿದ್ರೆ ಹುಲ್ಲು, ಕಾಲು ಮೂಸಿದ್ರೆ ಮದುವೆಮನೆ ಅಡಿಗೆ?"

ಬೀರ ಬೇರಿನ ಮಣ್ಣು ಒರೆಸಿ ಜಜ್ಜಿ ಮೂಗಿಗೆ ಹಿಡ್ದ. "ಲವಂಗ!"

ಸಭೆ ಹೋ ಅಂತು. ದೊರೆ ಮಾತ್ರ ಎದ್ದು ಕೂಗ್ದ: "ಹಿಡೀರಿ ಇವನ್ನ! ಮದ್ದು ಇಷ್ಟು ಗೊತ್ತಿರೋನಿಗೆ ವಿಷಾನೂ ಗೊತ್ತಿರ್ತದೆ. ಅಣ್ಣ ತಮ್ಮ ಸೇರೇ ಮಾಡವ್ರೆ!"

ತಪ್ಪಿದ್ರೂ ಸಾವು, ಸರಿ ಹೇಳಿದ್ರೂ ಸಾವು! ಆದ್ರೂ ಬೀರ ಗಂಟಲು ಎತ್ತಿದ: "ಅಣ್ಣನ ಕಂಬಳಿ ತರ್ಸಿ ನೋಡಿ!"

ಸೆರೆಮನೆಯಿಂದ ತಂದ್ರು. ಅಂಚೆಲ್ಲಾ ಅದೇ ಕೊಕ್ಕೆ ಬೀಜ.

"ಅವನು ಈ ಗಿಡದೊಳಗೇ ನಿಂತು ಕಿತ್ತವ್ನೆ ಬುದ್ಧಿ. ಅವನು ಕೊಟ್ಟ ಹೂವಿನ ಗಂಟು ಯಾರ ಕೈಗೆ ಹೋಯ್ತು?"

ಬಾಗಿಲು ಕಾಯೋ ಮುದುಕ ಚೆನ್ನಿಗ ಮುಂದೆ ಬಂದ. "ನನ್ನ ಕೈಗೆ. ಹಿಂದೆ ನೀವೇ ಅಂದಿದ್ರಿ ಬುದ್ಧಿ, ಹೊರಗಿನೋನು ಏನು ತಂದ್ರೂ ನಂಬಬ್ಯಾಡ, ತಿಪ್ಪೆಗೆ ಎಸಿ, ಐದು ಹಳದಿ ಎಸಳಿರೋದು ನಮ್ಮ ಕೊಳದಲ್ಲೇ ಕೀಳು ಅಂತ. ಹಂಗೇ ಮಾಡ್ದೆ, ನಿಮಗೆ ಹೇಳೋಕೆ ಹೆದರ್ದೆ. ಕಾವಲುಗಾರರ ಇಚಾರ ನನಗೆ ಹೇಳ್ಲಿಲ್ಲ. ಪೂರ್ತಿ ಒಗಟು ಒಬ್ಬನಿಗೇ ಹೇಳಂಗಿಲ್ಲವಲ್ಲ."

ಸೆಟ್ಟಿ ಬಿಸಾಕಿ ಹೋಗಿದ್ದ ಹೊಳೆಯೋ ಹೂವನ್ನ ದೊರೆ ಎತ್ತಿ ನೋಡ್ದ, ಕೈ ಸುಟ್ಟಂಗೆ ಬಿಟ್ಟ.

"ಏನು ಬೇಕೋ ಕೇಳಪ್ಪ," ಅಂದ. ಸ್ವರ ಬಿದ್ದೋಗಿತ್ತು.

"ಅಣ್ಣ ಬೇಕು. ಕಟ್ಟಾಕಿರೋರೆಲ್ಲಾ ಅವರವರ ಮನೆಗೆ ಹೋಗ್ಲಿ. ಬೆಟ್ಟದ ನೆತ್ತಿ ನಮ್ಮ ಕುರಿಗೆ ಬುಡಿ."

ಅಷ್ಟೂ ಕೊಟ್ಟ. ಮೇಲೆ ಮದ್ದಿನ ಮನೆ ಬೀಗದ ಕೈಯನ್ನೂ ಬೀರನಿಗೇ ಕೊಟ್ಟ. ಬೀರ ಬೇರು ಕುದಿಸ್ದ. ದೊರೆ ತಾನೇ ಬಟ್ಟಲು ಹಿಡ್ಕಂಡು ಮಗಳ ಮಂಚಕ್ಕೆ ಹೋದ. ಹೊನ್ನಾಜಮ್ಮಣ್ಣಿ, ತುಟಿಯೆಲ್ಲಾ ಬೊಕ್ಕೆ, ಮೆಲ್ಲಗೆ ಎದ್ದು ಕೂತು ಬಟ್ಟಲು ನೋಡಿದ್ಲು, ಅಪ್ಪನ್ನ ನೋಡಿದ್ಲು, ಬಟ್ಟಲನ್ನ ಹಿಂದಕ್ಕೆ ತಳ್ಳಿದ್ಲು.

"ಮೊದ್ಲು ನೀವು ಕುಡೀರಿ, ಅಪ್ಪಾಜಿ."

ದೊರೆ ಒಂದು ಗುಟುಕು ಕುಡ್ದ. ಮಗಳು ಅವನ ಮುಖಾನೇ ನೋಡ್ತಾ ಕೂತಿದ್ಲು. ಬಿಸಿಲು ಕಿಟಕಿಯಿಂದ ಇಳಿದು ಬಾಗಿಲಿಗೆ ಬಂದ ಮೇಲೇ ಬಟ್ಟಲಿಗೆ ಕೈ ಚಾಚಿದ್ದು.