ವೈದ್ಯರ ಜುಟ್ಟಿನ ಕೆಳಗೆ

“ಪ್ರಭು, ಈ ರಾಜ್ಯದಲ್ಲಿ ರೋಗ ಕಂಡುಹಿಡಿಯೋ ಕಣ್ಣು ಇರೋದು ಎರಡೇ. ಎರಡೂ ನನ್ನ ಮುಖದಲ್ಲೇ ಇವೆ!”

ಬೇಲದಕೋಟೆಯ ರಾಜವೈದ್ಯ ಶಂಭುಭಟ್ಟರು ಹೀಗೆ ಗುಡುಗಿದ್ದಕ್ಕೆ ಕಾರಣ ದ್ಯಾವಮ್ಮ. ಅರಮನೆಯಲ್ಲಿ ಯಾರು ಕಾಯಿಲೆ ಬಿದ್ದರೂ ಗಂಜಿ ಕುಡಿಸಿ, ಮೈ ಒರೆಸಿ, ಹಾಸಿಗೆಯ ಪಕ್ಕ ಕೂರುವವಳು ಅವಳು. ರಾಜಮಾತೆಗೆ ಹೊಟ್ಟೆನೋವು ಬಂದಾಗ ಭಟ್ಟರು ನಾಡಿ ಹಿಡಿದು ವಾತ, ಗ್ರಹಚಾರ ಎಂದೆಲ್ಲ ವಿವರಿಸುತ್ತಿದ್ದರು. ಇವಳು ಎಲ್ಲರೆದುರು, “ಹಲಸಿನ ಹಣ್ಣು ಜಾಸ್ತಿಯಾಗಿದೆ, ಅಷ್ಟೇ” ಎಂದುಬಿಟ್ಟಳು. ಕದ್ದು ತಿಂದಿದ್ದ ರಾಜಮಾತೆಗೂ ಸಿಟ್ಟು ಬಂತು. ನನಗೇನೋ ಆಕೆಯ ಮೇಲೆ ಕನಿಕರವೇ. ಹಲಸು ಕಂಡರೆ ಯಾರು ತಾನೇ ಸುಮ್ಮನಿರುತ್ತಾರೆ?

ರಾಜ ನಾಗರಸ ಅಮ್ಮನಿಗೆ ಹೆದರಿ ಅಪ್ಪಣೆ ಹೊರಡಿಸಿದ: “ರೋಗ ಯಾವುದು, ಯಾಕೆ ಬಂತು ಅಂತ ಇನ್ನು ವೈದ್ಯರು ಮಾತ್ರ ಹೇಳಬೇಕು. ಬೇರೆಯವರು ಬಾಯಿಬಿಟ್ಟರೆ ಊರು ಬಿಡಬೇಕು.”

ದ್ಯಾವಮ್ಮ ಆಸ್ಥಾನದ ಕುಚೋದ್ಯಗಾರ ಬೊಪ್ಪಣ್ಣನ ಹತ್ತಿರ ಅತ್ತಳು. “ನನ್ನ ಬಾಯಿ ಸುಮ್ಮನಿರಲ್ಲ ಸ್ವಾಮಿ. ಇವತ್ತಲ್ಲ ನಾಳೆ ಗಂಟುಮೂಟೆ ಕಟ್ಟೋದೇ.”

“ನಾಳೆ ಒಂದು ದಿನ ತುಟಿ ಬಿಗಿಹಿಡಿದು ಸಭೆಗೆ ಬಾ. ಎಲೆಅಡಿಕೆ ಸಂಚೀಲಿ ಸುಣ್ಣ ಇರಲಿ,” ಎಂದ ಬೊಪ್ಪಣ್ಣ.

ಕೆಟ್ಟ ರಕ್ತ ಹೀರಿಸಲು ಸಾಕಿದ ಜಿಗಣೆಗಳ ಗಡಿಗೆಯನ್ನು ಭಟ್ಟರು ಸಭೆಗೂ ತಂದು ಪಕ್ಕದಲ್ಲಿಟ್ಟುಕೊಳ್ಳುವ ವಾಡಿಕೆ. ಮರುದಿನ ಅವರು ತಮ್ಮ ವಿದ್ಯೆಯನ್ನು ತಾವೇ ಹೊಗಳಿಕೊಳ್ಳತೊಡಗಿದರು. ಹಿಂದೆ ಕೂತಿದ್ದ ಬೊಪ್ಪಣ್ಣ ಮೆಲ್ಲಗೆ ಗಡಿಗೆಯಿಂದ ಒಂದು ಜಿಗಣೆ ತೆಗೆದು ಅವರ ಜುಟ್ಟಿನ ಕೆಳಗೆ, ಕತ್ತಿಗೆ ಬಿಟ್ಟ. ಹೊಗಳಿಕೆಯ ಭರದಲ್ಲಿ ಭಟ್ಟರಿಗೆ ಗೊತ್ತೇ ಆಗಲಿಲ್ಲ. ಜಿಗಣೆ ಹೀರಿ ಹೀರಿ ದಪ್ಪಗಾಯಿತು. ಬಿಳಿ ಶಲ್ಯದ ಮೇಲೆ ರಕ್ತ ಇಳಿಯಿತು.

ಮಂತ್ರಿ, “ಭಟ್ಟರೇ, ನಿಮ್ಮ…” ಎಂದು ಬಾಯಿ ತೆರೆದ.

“ಅಪ್ಪಣೆ, ಸ್ವಾಮಿ, ಅಪ್ಪಣೆ!” ಎಂದ ಬೊಪ್ಪಣ್ಣ. ಮಂತ್ರಿ ತೆಪ್ಪಗಾದ.

ಶಲ್ಯ ಸರಿಮಾಡಿಕೊಳ್ಳಲು ಹೋದ ಭಟ್ಟರ ಬೆರಳಿಗೆ ರಕ್ತ ಹತ್ತಿತು. ಗಾಬರಿಯಾಗಿ ತಮ್ಮ ನಾಡಿಯನ್ನು ತಾವೇ ಹಿಡಿದುಕೊಂಡರು.

“ಅಯ್ಯೋ, ರಕ್ತಪಿತ್ತ! ಒಳಗಿನದೆಲ್ಲ ಉಕ್ಕಿ ಬರ್ತಿದೆ! ಸಂಜೆವರೆಗೂ ಉಳಿಯಲ್ಲ ನಾನು!”

ದ್ಯಾವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಗ್ತಿದ್ದೀಯಾ? ನಿನಗೇನೋ ಕಾಣ್ತಿದೆ. ಏನು ಅಂತ ಹೇಳೇ ತಾಯಿ!”

“ಹೇಳಿದ್ರೆ ಊರು ಬಿಡಬೇಕಲ್ಲ ಸ್ವಾಮಿ?”

“ಬೇಕಾದ್ರೆ ನಾನೇ ಊರು ಬಿಡ್ತೀನಿ, ಹೇಳು!”

ಅವಳು ತುಟಿ ಬಿಚ್ಚಲಿಲ್ಲ. ಸಂಚಿಯಿಂದ ಚೂರು ಸುಣ್ಣ ತೆಗೆದು ಕತ್ತಿನ ಜಿಗಣೆಗೆ ಮುಟ್ಟಿಸಿದಳು. ಅದು ಹೆಗಲ ಮೇಲಿಂದ ಜಾರಿ ಭಟ್ಟರ ಮಡಿಲಿಗೇ ಬಿತ್ತು. ಸಭೆಯೆಲ್ಲ ಗೊಳ್ಳೆಂದಿತು. ಪರದೆಯ ಹಿಂದಿನಿಂದ ರಾಜಮಾತೆಯ ನಗುವೂ ಕೇಳಿಸಿತು.

“ಪ್ರಭು, ಭಟ್ಟರಿಗೆ ಅವರದೇ ಕತ್ತಿನ ಹಿಂದಿರೋದು ಹೇಗೆ ಕಾಣಬೇಕು?” ಎಂದ ಬೊಪ್ಪಣ್ಣ. “ಹತ್ತಿರ ಇದ್ದವರು ಹೇಳಬೇಕಲ್ಲವೇ?”

“ಮದ್ದು ಅರೆಯೋದು ಅವರ ವಿದ್ಯೆ, ನಂಗೆ ಬರಲ್ಲ,” ಎಂದಳು ದ್ಯಾವಮ್ಮ. “ಕಂಡಿದ್ದು ಹೇಳದೆ ಇರೋಕೂ ಬರಲ್ಲ.”

ರಾಜ ಕಣ್ಣೊರೆಸಿಕೊಂಡು ನಕ್ಕ. “ನಾಳೆಯಿಂದ ಆ ಅಪ್ಪಣೆ ರದ್ದು. ದ್ಯಾವಮ್ಮ ಮೊದಲು ಹೇಳಲಿ, ಭಟ್ಟರು ಕೇಳಿಕೊಂಡು ನಾಡಿ ಹಿಡಿಯಲಿ.” ಅವಳಿಗೊಂದು ರೇಷ್ಮೆ ಸೀರೆಯನ್ನೂ ಕೊಡಿಸಿದ. ಆಮೇಲೆ ಹುಬ್ಬು ಗಂಟಿಕ್ಕಿದ.

“ಅದಿರಲಿ ಬೊಪ್ಪಣ್ಣ, ಗಡಿಗೆಯಲ್ಲಿದ್ದ ಜಿಗಣೆ ಭಟ್ಟರ ಕತ್ತಿಗೆ ಯಾಕೆ ಬಂತು?”

ಬೊಪ್ಪಣ್ಣ ಕೈಮುಗಿದ. “ಅಪ್ಪಣೆ ರದ್ದಾಗೋದು ನಾಳೆಯಿಂದ, ಪ್ರಭು. ಯಾಕೆ ಬಂತು ಅನ್ನೋದನ್ನ ಇವತ್ತು ವೈದ್ಯರೇ ಹೇಳಬೇಕು.”